ತಂಪು ಕೋಣೆಯ ಹೊರಗಿನಿಂದ

ಸಮುದ್ರ ಊರೊಳಗೆ ಬಂದ ಎಂಬತ್ತೆರಡನೆಯ ವರ್ಷ
ಒದ್ದೆಬಿಸಿಯ ನಲವತ್ತನೆಯ ದಿನ, ಬೆಳಿಗ್ಗೆ ಹನ್ನೊಂದು
ಹಿಂದೆ ಕುಂದಾಪುರವಿದ್ದ ನೀರಿನ ಮೇಲಿಂದ

ಪೂಜ್ಯ ಸಂಜೀವ ಅಜ್ಜಯ್ಯನವರಿಗೆ ನಿಮ್ಮ ಮರಿಮಗಳ ಮೊಮ್ಮಗಳು ಮೂಕಾಂಬು ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಹಡಗಿನ ಇಂಜಿನಿಯರ್ ಕೆಲಸದಿಂದ ನಿವೃತ್ತರಾಗಿ ನೀವು ಕೊಂಡ ಹಾಯಿದೋಣಿಯಲ್ಲೇ ನಾವು ಇಂದಿಗೂ ಬದುಕುತ್ತಿದ್ದೇವೆ. ನಿಮ್ಮ ಡೈರಿಯ ಒಂದು ಹಾಳೆಯೂ ಉಳಿದಿದೆ. ಅದರಲ್ಲಿ 'ಎಸಿ, ಜನರೇಟರ್ ಬೇಕೋ ಬೇಡವೋ?' ಎಂದು ಬರೆದು, ಭಾರ, ಸದ್ದು, ಹೊಗೆ, ಹೆಂಡತಿಗೆ ಸೆಖೆ ತಡೆಯದು ಎಂದೆಲ್ಲ ಪಟ್ಟಿ ಮಾಡಿ, ತೀರ್ಮಾನ ಮಾತ್ರ ಬರೆಯದೆ ಬಿಟ್ಟಿದ್ದೀರಿ. ಇಷ್ಟು ಓದಿದವರಿಗೆ ಅಷ್ಟೂ ಆಗಲಿಲ್ಲವೇ ಎಂದು ಚಿಕ್ಕಂದಿನಲ್ಲಿ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಒದ್ದೆಬಿಸಿ ಎಂದರೆ ಬೆವರು ಆರದ ಬಿಸಿ. ಒಗೆದ ಬಟ್ಟೆ ವಾರವಾದರೂ ಒಣಗದು. ಬೆಳಕು ಹರಿಯುವ ಮೊದಲೇ ಗಂಜಿ ಬೇಯಿಸಿಟ್ಟು, ಹತ್ತಕ್ಕೆಲ್ಲ ನೆರಳು ಸೇರುತ್ತೇವೆ. ಆಮೇಲೆ ಕೂಗುಸರದಿ ಶುರುವಾಗುತ್ತದೆ. ಗಂಟೆಗೊಮ್ಮೆ ಒಂದು ದೋಣಿಯವರು ಪಾತ್ರೆ ಬಡಿಯಬೇಕು, ಪಕ್ಕದವರು ಮರುಬಡಿಯಬೇಕು. ಉತ್ತರ ಬರದಿದ್ದರೆ ಯಾರಿಗೋ ಬಿಸಿ ತಗಲಿದೆಯೆಂದು ಓಡುತ್ತೇವೆ. ಎಸಿ ಇದ್ದ ನಮ್ಮ ದೋಣಿಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಕಿಟಕಿ, ಮುಚ್ಚಳ ಎಲ್ಲ ಬಿಗಿದು, ಜನರೇಟರಿನ ಗುರುಗುರು ಕೇಳುತ್ತ ಮಲಗುವವರಿಗೆ ಕೂಗು ಎಲ್ಲಿ ಕೇಳಿಸಬೇಕು? ಜನ ನಮಗೆ ಕಿವುಡು ದೋಣಿಯವರು ಎಂದೇ ಹೆಸರಿಟ್ಟಿದ್ದರು. ನಾವೂ ಅದನ್ನು ತಮಾಷೆಯೆಂದೇ ತಿಳಿದಿದ್ದೆವು.

ಹನ್ನೊಂದು ವರ್ಷದ ಹಿಂದೆ, ಗಾಳಿಯಿಲ್ಲದ ಒಂದು ಮಧ್ಯಾಹ್ನ, ನನ್ನ ತಂಗಿ ಪದ್ದುವಿಗೆ ಬಿಸಿ ತಗಲಿತು. ಅವಳ ದೋಣಿ ನಮ್ಮಿಂದ ನೂರು ಮಾರು ದೂರದಲ್ಲಿತ್ತು. ಉಳಿದ ದೋಣಿಗಳೆಲ್ಲ ಮೀನಿನ ಹಿಂದೆ ದೂರ ಹೋಗಿದ್ದವು. ಅವಳ ಗಂಡ ತಾಮ್ರದ ಬಿಂದಿಗೆ ಬಡಿದೇ ಬಡಿದ. ಅವರು ಓಡಾಡುವ ಸಣ್ಣ ದೋಣಿಯನ್ನು ಜನರೇಟರಿಗೆ ಎಣ್ಣೆ ತರಲೆಂದು ಹಿಂದಿನ ದಿನ ಕೇಳಿ ತಂದವರು ನಾವೇ, ಹಿಂದಿರುಗಿಸಿರಲಿಲ್ಲ. ಈಜಿ ಬರೋಣವೆಂದರೆ ಅವಳನ್ನು ಒಬ್ಬಳನ್ನೇ ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ಸಂಜೆ ನಾವು ಬಾಗಿಲು ತೆರೆದಾಗ ಎಲ್ಲ ಮುಗಿದಿತ್ತು. ಆ ಬಿಂದಿಗೆಯಲ್ಲಿ ನೆಗ್ಗದ ಜಾಗವಿರಲಿಲ್ಲ.

ಅಂದೇ ಎರಡು ಯಂತ್ರಗಳಿಗೂ ತಾಡಪಾಲು ಹೊದಿಸಿದೆ. ಇಷ್ಟು ವರ್ಷ ಮುಟ್ಟಲಿಲ್ಲ. ಈಗ ಬಸುರಿ ಮಗಳು ಸೌಪರ್ಣಿಗೆ ಏಳು ತಿಂಗಳು. ತಂಪು ಸಿಗದಿದ್ದರೆ ಮಗು ಉಳಿಯದು ಎಂದು ಸೂಲಗಿತ್ತಿ ಖಂಡಿತವಾಗಿ ಹೇಳಿಹೋದಳು. ಅಳಿಯ ಮೂರು ದಿನ ಗುದ್ದಾಡಿ ಇಂದು ಬೆಳಿಗ್ಗೆ ಜನರೇಟರ್ ಎಬ್ಬಿಸಿದ. ನಾನೊಂದೇ ಷರತ್ತು ಹಾಕಿದೆ. ಒಳಗೆ ತಂಪಿರುವಷ್ಟು ಹೊತ್ತು ಹೊರಗೊಬ್ಬರು ಕಿವಿಗೊಟ್ಟು ಕೂರಬೇಕು. ಅವನು ಒಳಗಿನ ಯಂತ್ರ ಬಿಟ್ಟು ಬರುವಂತಿಲ್ಲ, ಹಾಗಾಗಿ ಸರದಿ ನನ್ನದೇ. ಐವತ್ತು ದಾಟಿದವರು ಈ ಹೊತ್ತಿನಲ್ಲಿ ಹೊರಗಿರಬಾರದೆಂಬುದು ನನಗೆ ಗೊತ್ತು. ನನಗೆ ಅರವತ್ಮೂರು.

"ಅಮ್ಮ, ನೀನೂ ಒಳ್ಗ್ ಬಾ. ಹೊರ್ಗ್ ಕೂಕಂಡ್ ಎಂತ ಮಾಡ್ತೆ?" ಎಂದು ಸೌಪರ್ಣಿ ಅತ್ತಳು. ಪತ್ರ ಬರೆಯುವುದಿದೆ ಎಂದೆ.

ಅಜ್ಜಯ್ಯ, ಬೇಡ ಎನ್ನುವ ಧೈರ್ಯ ನನಗೂ ಇಲ್ಲ. ಹೆಂಡತಿಗೆ ಸೆಖೆಯಾದರೆ ಹಾಕಿಸಿಕೊಳ್ಳಿ. ಆದರೆ ಆ ಯಂತ್ರ ಬಿಸಿಯನ್ನು ಕೊಲ್ಲುವುದಿಲ್ಲ, ಹೊರಗೆ ದೂಡುತ್ತದೆ, ಅಷ್ಟೆ. ನಿಮ್ಮ ಕಾಲದವರು ದೂಡಿದ್ದೆಲ್ಲ ಇಲ್ಲಿ ನಮ್ಮ ಮೈಮೇಲೆ ಕೂತಿದೆ. ಬಾಗಿಲು ಹಾಕಿಕೊಳ್ಳುವ ಮೊದಲು ಹೊರಗೆ ಯಾರಿದ್ದಾರೆಂದು ಒಮ್ಮೆ ನೋಡಿ. ಕೇಳುವುದು ಅಷ್ಟೇ.

ತಲೆ ಸುತ್ತುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ನಾನು ಕರೆದರೆ ಒಳಗಿನವರಿಗೆ ಕೇಳಿಸುವುದಿಲ್ಲ. ಕೇಳಿಸಿದರೆ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ಈ ಬಿಸಿಗೆ ಓಡಿ ಬರುತ್ತಾಳೆ. ಅದಕ್ಕೇ ಬಾಗಿಲ ಚಿಲಕವನ್ನು ಹೊರಗಿನಿಂದ ನಾನೇ ಹಾಕಿದ್ದೇನೆ.

ನಿಮ್ಮ
ಮೂಕಾಂಬು