ಗುಡ್ಡ ಅಗೆಯಲು ಬೀರಪ್ಪನ ಅಪ್ಪಣೆ

ಅಕ್ಕಲಕೋಟೆ ತಾಲೂಕಿನ ನೆಲ, ಜಲ, ಗಾಳಿಗಳಿಗೆ ಒಡೆಯರಾದ, ಮರಾಠಿಯ ಜೊತೆ ಕನ್ನಡವನ್ನೂ ಓದಬಲ್ಲ ಶ್ರೀಮನ್ಮಹಾ ತಹಶೀಲ್ದಾರ ಸಾಹೇಬರ ದಿವ್ಯ ಸನ್ನಿಧಾನಕ್ಕೆ, ಕುರಿ ಕಾಯುವ ಮನೆತನದ ಶೀತಲಳ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಕುರಿಗಳು ಮೇಯುವ ಗುಡ್ಡಕ್ಕೆ ನಿನ್ನೆ ಜೆಸಿಬಿ ಬಂದಿದೆ. ಹೊಸ ರಸ್ತೆಗೆ ಮುರುಮು ಮಣ್ಣು ಬೇಕಂತೆ. ಪರಿಸರಕ್ಕೆ ಏನಾಗುತ್ತದೆಂದು ಪರೀಕ್ಷಿಸಿದಿರಾ, ಊರವರನ್ನು ಕೇಳಿದಿರಾ ಎಂದರೆ ಗುತ್ತಿಗೆದಾರನ ಪರವಾಗಿ ಕೆಲಸ ನೋಡಿಕೊಳ್ಳುವ ಮುಕಾದಮ ನಕ್ಕ: "ಕಾಯ್ದಾ ಬದಲಾಗೇದ ತಂಗಿ. ರಸ್ತಾದ ಮಣ್ಣಿಗಿ ಈಗ ಅದೆಲ್ಲಾ ಮಾಫ್."

ನಮ್ಮ ಮನೆಯಲ್ಲಿ ಇನ್ನೂ ಹಳೆಯ ಕಾಯ್ದೆಯೇ ಇದೆ, ಸಾಹೇಬರೇ. ಕುರಿಯ ಉಣ್ಣೆ ಕತ್ತರಿಸುವ ಮುಂಚೆಯೂ ನಮ್ಮ ಕುಲದೇವರು ಬೀರಪ್ಪನನ್ನು ಕೇಳುತ್ತೇವೆ. ದೇವರ ಮೈಗೆ ಹಚ್ಚಿದ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ನಿನ್ನೆ ಸಂಜೆ ನನ್ನ ಅಜ್ಜ ಮಾಳಪ್ಪ ಗುಡ್ಡದ ಬಗ್ಗೆ ಹೂವು ಹಚ್ಚಿ ಕೇಳಿದ. ಎಡಕ್ಕೆ ಬಿತ್ತೆಂದು ತಿಳಿದು, ಇವತ್ತು ಬೆಳಗಾದದ್ದೇ ತಡ, ಕಂಬಳಿ ಹೊದ್ದು ಜೆಸಿಬಿಯ ಮುಂದೆ ಹೋಗಿ ಕುಳಿತಿದ್ದಾನೆ. "ದೇವ್ರ ಒಲ್ಲೆ ಅಂದಾನ, ನೀ ಯಾಂವಲೇ?" ಎಂದು ಚಾಲಕನನ್ನು ಗದರಿಸುತ್ತಾನೆ. ಊಟ ಮಾತ್ರ ಮುಟ್ಟಿಲ್ಲ. ಬಿಸಿಲು ನೆತ್ತಿಗೇರಿದೆ.

ತಾವು ಬಂದು ಅವನೆದುರು ಕುಳಿತು, "ಅಜ್ಜಾ, ಈ ಗುಡ್ಡ ಕೊಡ್ತೀಯೇನು?" ಎಂದು ಒಂದು ಸಲ ಕೇಳಿದರೆ ಸಾಕು. ಅವನು ಕೊಡುವುದಿಲ್ಲ. ಆದರೆ ಎದ್ದು ಉಣ್ಣುತ್ತಾನೆ.

ತಮ್ಮ ಪಾದಧೂಳಿಗಾಗಿ ಜೆಸಿಬಿಯ ಧೂಳಿನಲ್ಲಿ ಕಾದಿರುವ,
ಶೀತಲ ಬಂಡಗರ

ತಾ.ಕ.: ಬೇಗ ಬರಬೇಕು. ನಿಜ ಹೇಳಬೇಕೆಂದರೆ ಬೀರಪ್ಪನೂ ನಮ್ಮನ್ನು ಕೇಳದೆ ಒಪ್ಪಿಬಿಟ್ಟಿದ್ದ. ಹೂವು ಬಲಕ್ಕೇ ಬಿದ್ದಿತ್ತು. ಅಜ್ಜನಿಗೆ ಕಣ್ಣು ಮಂದ. ಎಡಕ್ಕೆ ಎಂದು ಹೇಳಿದವಳು ನಾನು.