ಹೊನ್ನಗುಂಡಿ ಹಾಲ್ಟಿನ ಗಾಡಿ ಪಾಳಿ

ನಾರಾಯಣಗೂಡ, ಹೈದರಾಬಾದ್
೧೭ ನವೆಂಬರ್ ೨೦೨೪, ರವಿವಾರ

ಸೌ. ಶಿವದೇವಿಗೆ,

ಕಲ್ಲೇಶನ ಶರಣು. ಆಶೀರ್ವಾದ ಎಂದು ಬರೆಯುವುದು ರೂಢಿ. ಒಂಬತ್ತು ವರ್ಷ ಬೇರೆ ಊರಿನಲ್ಲಿ ಉಂಡು ಮಲಗಿದ ಗಂಡನ ಆಶೀರ್ವಾದಕ್ಕೆ ಬಜಾರಿನಲ್ಲಿ ಬೆಲೆ ಇಲ್ಲವೆಂದು ಶರಣಿಗೇ ನಿಲ್ಲಿಸಿದ್ದೇನೆ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನನಗೆ ಬೇರೆ ರೀತಿಯಲ್ಲಿ ಮಾತು ತೆಗೆಯಲು ಬರುವುದಿಲ್ಲ, ನಿನಗೆ ಗೊತ್ತು. ಹೋದ ವರ್ಷ ಸೆಪ್ಟೆಂಬರ್ ಒಂದರಿಂದ ಈ ಅಕ್ಟೋಬರ್ ಮೂವತ್ತೊಂದರವರೆಗೆ ನಾಲ್ಕುನೂರ ಇಪ್ಪತ್ತೇಳು ದಿನ. ರೈಲು ಗಾಡಿ ಬಾರದ ದಿನ ಹದಿಮೂರು. ಉಳಿದ ನಾಲ್ಕುನೂರ ಹದಿನಾಲ್ಕು ದಿನ, ದಿನಕ್ಕೆ ಹತ್ತು ಟಿಕೇಟು, ಒಂದಕ್ಕೆ ಹತ್ತು ರೂಪಾಯಿ. ಆಯಿತು ನಲವತ್ತೊಂದು ಸಾವಿರದ ನಾಲ್ಕುನೂರು. ಹಾಲ್ಟಿಗೆ ಚಹಾ ಒಯ್ಯುವ ಹುಸೇನಪ್ಪನ ಓಡಾಟಕ್ಕೆ ತಿಂಗಳಿಗೆ ಐದುನೂರರಂತೆ ಏಳು ಸಾವಿರ. ಒಟ್ಟು ನಲವತ್ತೆಂಟು ಸಾವಿರದ ನಾಲ್ಕುನೂರು. ಇಷ್ಟರಲ್ಲಿ ಹಾಲ್ಟಿನಲ್ಲಿ ಟಿಕೇಟು ಮಾರುವ ಏಜೆಂಟಳಾದ ನಿನ್ನ ಕೈಗೆ ಮುಟ್ಟಿದ್ದು ಕಮಿಷನ್ ಮಾತ್ರ. ನೂರಕ್ಕೆ ಹದಿನೈದರಂತೆ ಆರು ಸಾವಿರದ ಇನ್ನೂರ ಹತ್ತು. ಉಳ್ಳಾಗಡ್ಡಿ ಕಿಲೋಗೆ ಒಂದು ರೂಪಾಯಿ ಏರಿದರೆ ಮಾರ್ಕೆಟ್ಟಿನಲ್ಲಿ ಜಗಳಕ್ಕೆ ನಿಲ್ಲುವ ಖಾನಾವಳಿಯವನು ಮಾಡಿದ ವ್ಯಾಪಾರ ಇದು.

ಆ ಆರು ಸಾವಿರದ ಇನ್ನೂರ ಹತ್ತನ್ನು ನಿನ್ನೆ ಹುಸೇನಪ್ಪ ತಂದು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಲಕೋಟೆಯಲ್ಲಿ ಒಂದು ಚೀಟಿ, ಚೀಟಿಯಲ್ಲಿ ನಿನ್ನ ಅಕ್ಷರದ ಒಂದೇ ಸಾಲು. “ಎಣಿಸಿಕೊಳ್ರಿ.”

ಎಣಿಸಿದೆ. ಸರಿಯಾಗಿದೆ. ನಿನ್ನ ಲೆಕ್ಕ ಎಂದೂ ತಪ್ಪಿಲ್ಲ.

ನಿನಗೆ ಅರ್ಧ ಗೊತ್ತಾಗಿದೆ. ಇನ್ನರ್ಧ ನಾನು ಹೇಳಬೇಕು. ಟಪಾಲಿಗೆ ಹಾಕಿದರೆ ನನ್ನ ಮನಿಯಾರ್ಡರುಗಳ ಹಾಗೆ ಇದೂ ತಿರುಗಿ ಬರುತ್ತದೆ. ಅದಕ್ಕೆ ಹುಸೇನಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ಬರೆಯುತ್ತಿದ್ದೇನೆ. ನಾಂಪಲ್ಲಿಯಿಂದ ಅವನ ಗಾಡಿ ಮಧ್ಯಾಹ್ನಕ್ಕೆ. ಈಗಾಗಲೇ ಮೂರು ಚಹಾ ಆಗಿದೆ.

ಹೋದ ವರ್ಷ ಆಗಸ್ಟಿನಲ್ಲಿ ಅವನೇ ಫೋನು ಮಾಡಿದ್ದ. “ಮಾಮಾ, ದಿನಕ್ಕ ಹತ್ತು ಟಿಕೇಟ ಸುದ್ದಾ ಹೋಗದ ಹಾಲ್ಟ್ ಮುಚ್ಚಾಕ ಪಟ್ಟಿ ಬರಿಯಾಕತ್ತಾರಂತ. ನಮ್ಮಲ್ಲಿ ಆರು ದಾಟಂಗಿಲ್ಲ. ಶಿವದೇವಕ್ಕ ಎರಡ ದಿನ ಆತು, ಹಾಲ್ಟಿಗೆ ನಾನು ಒಯ್ದ ಚಹಾ ಮುಟ್ಟಿಲ್ಲ.” ಬೆಳಿಗ್ಗೆ ಮೂರು ಡಬ್ಬಿಯ ಗಾಡಿ ಜಂಕ್ಷನ್‌ಗೆ ಹೋಗುವುದು, ಸಂಜೆ ಅದೇ ಗಾಡಿ ತಿರುಗಿ ಬರುವುದು, ನಮ್ಮ ಹೊನ್ನಗುಂಡಿಯಲ್ಲಿ ಒಂದು ನಿಮಿಷ ನಿಲ್ಲುವುದು. ಅಷ್ಟಕ್ಕೆ ನಿನ್ನಪ್ಪ ಶಾಂತಪ್ಪನವರು ಮೂವತ್ತೊಂದು ವರ್ಷ ಟಿಕೇಟು ಮಾರಿದರು. ಜೀಪುಗಳು ಮನೆ ಬಾಗಿಲಿಗೆ ಬಂದ ಮೇಲೆ ಒಂದು ನಿಮಿಷದ ಗಾಡಿಗೆ ಯಾರು ಕಾಯುತ್ತಾರೆ.

ಆಗ ನನಗೆ ಪಾಳಿ ನೆನಪಾಯಿತು. ನಮ್ಮ ಕಡೆ ದೇವರ ದೀಪಕ್ಕೆ ಎಣ್ಣೆ ಪಾಳಿ, ದನ ಕಾಯಲು ಪಾಳಿ, ಹೊರಗಿನಿಂದ ಬಂದ ಮಾಸ್ತರರಿಗೆ ಊಟದ ಪಾಳಿ. ಹಾಗಾದರೆ ಗಾಡಿಗೂ ಒಂದು ಪಾಳಿ ಇರಲಿ ಎಂದೆ. ನೂರ ಹತ್ತು ಮನೆ, ದಿನಕ್ಕೆ ಹತ್ತು ಮನೆ. ಹನ್ನೊಂದು ದಿನಕ್ಕೊಮ್ಮೆ ಒಂದು ಮನೆಯವರು ಒಂದು ಟಿಕೇಟು ಕೊಂಡು ಜೇಬಿಗೆ ಹಾಕಿಕೊಳ್ಳುವುದು. ಹೋಗಲೇಬೇಕೆಂದಿಲ್ಲ. ಊರೇ ಮನಸ್ಸು ಮಾಡಿ ಎತ್ತಿದ ಪಾಳಿ ಇದು ಎಂದು ನೀನು ತಿಳಿದೆ. ಮನಸ್ಸು ಊರಿನದೇ, ಸುಳ್ಳಲ್ಲ. ರೊಕ್ಕ ನನ್ನದು. ಹುಸೇನಪ್ಪ ವಾರಕ್ಕೊಮ್ಮೆ ಮನೆ ಮನೆಗೆ ಹಂಚುತ್ತಿದ್ದ.

ಯಾಕೆ ಎಂದು ಕೇಳುತ್ತೀ. ಗಾಡಿ ಉಳಿಯಲಿ ಎಂದು ಬರೆದರೆ ಓದಲು ಚೆಂದ. ನಿಜ ಬೇರೆ. ನಾನು ಕಳಿಸಿದ ಒಂದೊಂದು ಮನಿಯಾರ್ಡರನ್ನೂ ನೀನು ವಾಪಸ್ ಮಾಡಿದೆ. ನನ್ನ ಹೆಸರಿಲ್ಲದೆ ನನ್ನ ರೂಪಾಯಿ ನಿನ್ನ ಅಂಗೈಗೆ ಮುಟ್ಟುವ ದಾರಿ ಹುಡುಕುತ್ತಿದ್ದೆ, ಈ ದಾರಿ ಸಿಕ್ಕಿತು. ನೂರು ಹೊರಟರೆ ಹದಿನೈದು ತಲುಪುತ್ತಿತ್ತು. ಎಂಬತ್ತೈದು ದಾರಿಖರ್ಚು ಅಂದುಕೊಂಡೆ.

ಆ ಕಮಿಷನ್ನಿನಲ್ಲಿ ನೀನು ಟಿಕೇಟು ಖೋಲಿಗೆ ಸುಣ್ಣ ಹೊಡೆಸಿದ್ದನ್ನು ಹುಸೇನಪ್ಪ ಹೇಳಿದ. ಸುಣ್ಣ ಹೊಡೆಸಿದ ದಿನ ನೀನು ಅವನಿಗೆ ಅಂದೆಯಂತೆ, “ಊರು ನನ್ನ ಕೈ ಬಿಡಲಿಲ್ಲ ನೋಡೋ ತಮ್ಮಾ. ಯಾರ ಹಂಗೂ ಇಲ್ದಂಗ ಹಾಲ್ಟ್ ನಡದೈತಿ. ಅಪ್ಪ ಇರಬೇಕಿತ್ತು.” ಅದನ್ನು ಕೇಳಿ ಫೋನಿನಲ್ಲಿ ನಕ್ಕೆ. ಅವತ್ತು ಸಂಜೆ ಮಾದಾಪುರದ ಹಾಸ್ಟೆಲಿನ ಬಿಲ್ಲಿನಲ್ಲಿ ಮುನ್ನೂರು ರೂಪಾಯಿ ಕಡಿಮೆ ಬರೆದೆ. ಅಂಥ ತಪ್ಪು ಇಪ್ಪತ್ತು ವರ್ಷದಲ್ಲಿ ಅದೊಂದೇ.

ನನ್ನ ಲೆಕ್ಕದಲ್ಲಿ ಎರಡು ದೋಷ ಇದ್ದವು. ಪಾಳಿಯ ಟಿಕೇಟು ಹತ್ತು ಎಂದರೆ ಹತ್ತು, ಒಂದು ದಿನವೂ ಹನ್ನೊಂದಿಲ್ಲ, ಒಂಬತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಊರಿನಿಂದ ನಾಯಿ ಕೂಡ ಹೊರಗೆ ಹೋಗುವುದಿಲ್ಲ, ಅವತ್ತೂ ಹತ್ತು. “ನಿಮ್ಮ ಲೆಕ್ಕ ಭಾಳ ಹುಷಾರ ಐತಿ ಮಾಮಾ, ಆದ್ರ ಮಂದಿ ಹಂಗ ಇರೂದಿಲ್ರಿ,” ಎಂದು ನಿನ್ನೆ ಹುಸೇನಪ್ಪ ಅಂದ. ನಾಲ್ಕುನೂರ ಹದಿನಾಲ್ಕು ದಿನ ಆದ ಮೇಲೆ ಅಂದ, ಪುಣ್ಯಾತ್ಮ. ಎರಡನೆಯದು ಇನ್ನೂ ಕೆಟ್ಟದ್ದು. ನಿಜವಾಗಿ ದಿನಾ ಹೋಗುತ್ತಿದ್ದ ಆರು ಜನರಲ್ಲಿ ನಾಲ್ವರು, ಪಾಳಿಯ ಟಿಕೇಟು ಪುಕ್ಕಟೆ ಸಿಗುವಾಗ ಕೈಯಿಂದ ಕೊಡುವುದೇಕೆ ಎಂದು ತಮ್ಮ ಪಾಳಿಯ ದಿನ ಬಿಟ್ಟರೆ ಉಳಿದ ದಿನ ಜೀಪು ಹಿಡಿದರು. ಗಾಡಿ ಉಳಿಸಲು ಹೋಗಿ ಗಾಡಿಯ ಜನರನ್ನೇ ಇಳಿಸಿದೆ.

ಅಕ್ಟೋಬರ್ ಕೊನೆಯ ವಾರ ಮೂವರು ತನಿಖೆಗೆ ಬಂದು ಡಬ್ಬಿಯಲ್ಲಿ ಕೂತು ತಲೆ ಎಣಿಸಿದರು. ಪಾಳಿಯ ಹತ್ತು, ಕೈಯಿಂದ ಕೊಂಡ ಎರಡು, ಒಟ್ಟು ಟಿಕೇಟು ಹನ್ನೆರಡು, ತಲೆ ಮೂರು. ಇದೆಲ್ಲ ಕಮಿಷನ್ನಿಗಾಗಿ ನೀವೇ ಮಾಡಿದ್ದಲ್ಲವೇ ಎಂದು ದೊಡ್ಡ ಸಾಹೇಬರು ಕೇಳಿದರಂತೆ. ನೀನು ತಲೆ ತಗ್ಗಿಸಲಿಲ್ಲ. “ಊರವರು ತಮ್ಮ ರೊಕ್ಕದಾಗ ತಗೋತಾರ್ರಿ. ನಂಬಿಕಿ ಇಲ್ದಿದ್ರ ಕೇಳ್ರಿ,” ಎಂದು ಕಾಯಿಪಲ್ಲೆ ಮಾರುವ ಸಾವಿತ್ರಿಯನ್ನು ನೀನೇ ಕೈ ಹಿಡಿದು ಕರೆತಂದೆ. ಎಪ್ಪತ್ತು ದಾಟಿದ ಆ ಮುದುಕಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. “ನಮ್ಮ ಹತ್ರ ಎಲ್ಲೈತ್ರಿ ಸಾಹೇಬ್ರ ರೊಕ್ಕ. ಈಕಿ ಯಜಮಾನ್ರು ಹೈದರಾಬಾದಿಂದ ಕಳಸ್ತಾರ. ಭಾಳ ಛಲೋ ಮನಶಾ ಅದಾನ್ರಿ,” ಅಂದಳಂತೆ.

ನನ್ನನ್ನು ಛಲೋ ಮನುಷ್ಯ ಎಂದವರು ಈ ಲೋಕದಲ್ಲಿ ಆಕೆ ಒಬ್ಬಳೇ. ಅದೂ ಸಾಕ್ಷಿ ಹೇಳುವಾಗ.

ಕಿಟಕಿ ಮುಚ್ಚಿ ಒಳಗೆ ಕೂತೆಯಂತೆ. ಸಂಜೆ ಗಾಡಿ ಬಂದಾಗ ತೆರೆದು ಎರಡು ಟಿಕೇಟು ಕೊಟ್ಟು, ತಾರೀಖಿನ ಮುದ್ರೆ ಒತ್ತಿ, ಮತ್ತೆ ಮುಚ್ಚಿದೆಯಂತೆ. ಹುಸೇನಪ್ಪ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಈಗ ಡಿಸೆಂಬರ್ ಒಂದರಿಂದ ಹಾಲ್ಟು ಬಂದ್. ಇಡೀ ದಾರಿಯ ಹಣೆಬರಹ ಜನವರಿಯಲ್ಲಿ ನೋಡುತ್ತಾರಂತೆ. ಒಂದೇ ಗಾಡಿಗಾಗಿ ಇಷ್ಟು ಉದ್ದ ಹಳಿ ಯಾಕೆ ಕಾಯಬೇಕು ಎಂಬ ಮಾತು ಆಗಲೇ ಹೊರಟಿದೆ. ಅದರ ಬಗ್ಗೆ ನಿನಗೆ ಧೈರ್ಯ ಹೇಳುವ ಶಕ್ತಿ ನನಗಿಲ್ಲ. ಉಳಿಯುತ್ತದೆ ಎಂದು ಅನಿಸುವುದಿಲ್ಲ. ಆದರೆ ತನಿಖೆಯವರ ವರದಿಯಲ್ಲಿ ಇನ್ನೊಂದು ಮಾತು ಇದೆ. ಏಜೆಂಟಳು ಗಂಡನೊಡನೆ ಕೂಡಿ ಸುಳ್ಳು ಮಾರಾಟ ತೋರಿಸಿದ್ದಾಳೆ, ಎಂದು. ಮೂವತ್ತೊಂದು ವರ್ಷ ನಿನ್ನಪ್ಪ, ಒಂಬತ್ತು ವರ್ಷ ನೀನು, ಒಂದು ಟಿಕೇಟಿನ ಫರಕಿಲ್ಲದೆ ನಡೆಸಿದ ಖೋಲಿಯ ಬಾಗಿಲು ಮುಚ್ಚುವಾಗ ಆ ಮಾತು ಅದಕ್ಕೆ ಅಂಟಿಕೊಳ್ಳಬಾರದು.

ಇಪ್ಪತ್ತೈದರ ಸೋಮವಾರ ಜಂಕ್ಷನ್ನಿನಲ್ಲಿ ಆಕ್ಷೇಪಣೆ ಕೇಳುತ್ತಾರೆ. ನಾನು ಒಂದು ಅಫಿಡವಿಟ್ ಮಾಡಿಸಿದ್ದೇನೆ. ರೊಕ್ಕ ನನ್ನದು, ಯುಕ್ತಿ ನನ್ನದು, ನನ್ನ ಹೆಂಡತಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಮೊದಲನೆಯ ದಿನವೇ ನಿಲ್ಲಿಸುತ್ತಿದ್ದಳು, ಅದಕ್ಕೇ ಹೇಳಲಿಲ್ಲ. ನೀನು ವಾಪಸ್ ಮಾಡಿದ ಮನಿಯಾರ್ಡರಿನ ರಸೀದಿಗಳನ್ನೂ ಜೋಡಿಸಿದ್ದೇನೆ, ನೂರ ಒಂದು ಇವೆ. ಹೆಂಡತಿ ಗಂಡನ ರೊಕ್ಕ ಮುಟ್ಟುವುದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಬೇರೆ ಯಾವ ಗಂಡನ ಹತ್ತಿರವೂ ಇರಲಾರದು. ವಕೀಲ ನಕ್ಕ. ಫೀಸು ಮಾತ್ರ ಕಡಿಮೆ ಮಾಡಲಿಲ್ಲ.

ಇಪ್ಪತ್ನಾಲ್ಕರ ಸಂಜೆ ಗಾಡಿಗೆ ಬಂದು ಹಾಲ್ಟಿನಲ್ಲಿ ಇಳಿಯುತ್ತೇನೆ. ರಾತ್ರಿ ಹುಸೇನಪ್ಪನ ಮನೆಯಲ್ಲಿ ಇದ್ದು, ಬೆಳಿಗ್ಗೆ ನಿನ್ನ ಕಿಟಕಿಯಲ್ಲಿ ಹತ್ತು ರೂಪಾಯಿ ಕೊಟ್ಟು ಟಿಕೇಟು ಕೊಂಡು ಜಂಕ್ಷನ್‌ಗೆ ಹೋಗುತ್ತೇನೆ. ಮಾತಾಡಿಸಬೇಕೆಂದಿಲ್ಲ. ಊಟ ಕಟ್ಟಬೇಕೆಂದಿಲ್ಲ. ಹೈದರಾಬಾದಿಗೆ ಬಾ ಎಂದು ನಾನು ಕೇಳುವುದೂ ಇಲ್ಲ. ಹಾಲ್ಟು ಮುಚ್ಚಿತು, ಇನ್ನೆಲ್ಲಿ ಹೋಗುತ್ತಾಳೆ, ಬಂದೇ ಬರುತ್ತಾಳೆ ಎಂದು ಖಾನಾವಳಿಯ ಮಂದಿ ನಿನ್ನೆ ಒಬ್ಬರಿಗೊಬ್ಬರು ಹೇಳಿಕೊಂಡರು. ಅದನ್ನು ಕೇಳಿ ನನಗೆ ಒಂದು ಕ್ಷಣ ಹಿತವಾಯಿತು. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಸಿಟ್ಟು ಬಂದರೆ ಈ ಕಾಗದ ಹರಿ. ಅಫಿಡವಿಟ್ಟಿನ ನಕಲು ಮಾತ್ರ ಹರಿಯಬೇಡ, ಅದಕ್ಕೆ ನೂರು ರೂಪಾಯಿ ಸ್ಟಾಂಪು ಹಚ್ಚಿದೆ.

ನಿನ್ನ ಹೆಸರಿನ ಮುಂದೆ ಇನ್ನೂ ಸೌ. ಬರೆಯುವ,
ಕಲ್ಲೇಶ

ತಾ.ಕ.: ಹುಸೇನಪ್ಪ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ. ಆದರೂ ಇದನ್ನು ಬರೆಯದೆ ಮಡಚಿದರೆ ಮೇಲಿನದೆಲ್ಲ ದಂಡ. ನಿನ್ನಪ್ಪನಿಗೆ ಜಡ್ಡು ಜೋರಾಗಿದೆ ಎಂದು ಸುದ್ದಿ ಬಂದ ದಿನ, ನಾಳೆ ಮಾದಾಪುರಕ್ಕೆ ಇನ್ನೂರು ರೊಟ್ಟಿಯ ಆರ್ಡರ್ ಇದೆ, ಮಾಡಿಟ್ಟು ನಾಡಿದ್ದು ಹೋಗು ಎಂದೆ. ನೀನು ಇನ್ನೂರೂ ಬಡಿದು, ಮರುದಿನದ ಬದಲು ಅದರ ಮರುದಿನ ಹೋದೆ. ಹಾಲ್ಟಿನಲ್ಲಿ ಇಳಿದಾಗ ನಿನ್ನಪ್ಪನ ಮಣ್ಣು ಮುಗಿದಿತ್ತು, ಕಿಟಕಿ ಮುಚ್ಚಿತ್ತು, ಖೋಲಿಯ ಕೀಲಿ ಯಾರದೋ ಕೈಯಲ್ಲಿತ್ತು. ಆ ಕೀಲಿ ಇಸಿದುಕೊಂಡು ನೀನು ಅಲ್ಲೇ ಉಳಿದೆ. ಆರ್ಡರ್ ದೊಡ್ಡದಾಗಿತ್ತು, ನಾನು ರೊಕ್ಕದ ಆಸೆಯವನು, ಎಂದು ನೀನು ಇಷ್ಟು ದಿನ ತಿಳಿದಿದ್ದೀ. ಆರ್ಡರ್ ಇರಲೇ ಇಲ್ಲ ಶಿವದೇವಿ. ಹೋದರೆ ತಿರುಗಿ ಬರುವುದಿಲ್ಲವೇನೋ ಎಂದು ಹೆದರಿ ಹೇಳಿದ ಸುಳ್ಳು ಅದು. ಅರವತ್ತು ರೊಟ್ಟಿ ಖಾನಾವಳಿಯ ಊಟಕ್ಕೇ ಹೋದವು. ನೂರ ನಲವತ್ತು ಉಳಿದವು, ಒಣಗಿಸಿ ಖಡಕ್ ರೊಟ್ಟಿ ಎಂದು ಐದು ರೂಪಾಯಿಗೊಂದರಂತೆ ಮಾರಿದೆ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ರೈಲಿನವರಿಗೆ ಮೂವತ್ತೈದು ಸಾವಿರದ ನೂರ ತೊಂಬತ್ತು. ಹುಸೇನಪ್ಪನಿಗೆ ಏಳು ಸಾವಿರ. ಸಾವಿತ್ರಿಗೆ ಮೂವತ್ತೆಂಟು ಸಲ ಪುಕ್ಕಟೆ ಪ್ರಯಾಣ. ನನಗೆ ಒಣರೊಟ್ಟಿಯ ಏಳುನೂರು, ಮತ್ತು ನೀನು ಬರೆದ ಒಂದು ಸಾಲು. ನಿನಗೆ ಏನೂ ಇಲ್ಲ.