ದನದ ಜ್ವರ ಬಲ್ಲವಳಿಗೆ ನೀವು ಕೊಟ್ಟ ಹನ್ನೊಂದು ಅಂಕ

ಪರೀಕ್ಷಾ ಮಂಡಳಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಚೋಲ್ವೆ ಎಂಬ ನನ್ನ ವಿದ್ಯಾರ್ಥಿನಿಗೆ ಅಕ್ಷರ ಕೂಡಿಸಿ ಓದಲು ಆಗುವುದಿಲ್ಲ, ಪ್ರಶ್ನೆಗಳನ್ನು ಓದಿ ಹೇಳಲು ಒಬ್ಬರಿಗೆ ಅನುಮತಿ ಕೊಡಿ ಎಂದು ಹೋದ ವರ್ಷ ನಿಮಗೆ ಮೂರು ಅರ್ಜಿ ಬರೆದೆ. ನೀವು ಕೊಡಲಿಲ್ಲ. ಅದರ ಫಲ ಏನಾಯಿತೆಂದು ಎಲ್ಲರೆದುರು ಹೇಳುತ್ತಿದ್ದೇನೆ. ಏಕೆಂದರೆ ಅದು ಮತ್ತೆ ಆಗಲಿದೆ, ಯಾರಿಗೆ ಎಂಬುದೂ ನನಗೆ ಗೊತ್ತಿದೆ.

ದಕ್ಷಿಣ ಪ್ರಾಂತ್ಯದ ಟೋಂಗಾ ಸೀಮೆಯ ಒಂದು ಹಳ್ಳಿಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಏಳನೇ ತರಗತಿಗೆ ಪಾಠ ಹೇಳುತ್ತಿದ್ದೇನೆ. ಚೋಲ್ವೆಗೆ ಹದಿನಾಲ್ಕು ವರ್ಷ. ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ. ಹಳೆಯ ವಿಜ್ಞಾನ ಪ್ರಶ್ನೆಪತ್ರಿಕೆಯನ್ನು ನಾನೇ ಓದಿ ಹೇಳಿದಾಗ ನಲವತ್ತರಲ್ಲಿ ಮೂವತ್ತಮೂರಕ್ಕೆ ಸರಿಯುತ್ತರ ಕೊಟ್ಟಳು. ದನಗಳ ಉಣ್ಣಿಜ್ವರದ ಪ್ರಶ್ನೆ ಬಂದಾಗ ನಕ್ಕೇಬಿಟ್ಟಳು. "ಟೀಚರ್, ಇದನ್ನೂ ಕೇಳ್ತಾರಾ? ಕಿವಿ ಕೆಳಗೆ ಗಂಟು ಊದಿರುತ್ತೆ, ಕಣ್ಣಲ್ಲಿ ನೀರು ಸೋರುತ್ತೆ. ಗಂಟು ಮುಟ್ಟಿ ನೋಡಿದ್ರೇ ಗೊತ್ತಾಗುತ್ತೆ." ಅದೇ ಹಾಳೆಯನ್ನು ಕೈಗೆ ಕೊಟ್ಟೆ. ಮೊದಲ ಸಾಲಿನ ಮೇಲೆ ಬೆರಳಿಟ್ಟು ಎಳೆದು, ಹಾಳೆಯನ್ನು ನನಗೇ ಹಿಂತಿರುಗಿಸಿದಳು. "ಕೊನೇ ಪದಕ್ಕೆ ಬರೋಷ್ಟರಲ್ಲಿ ಮೊದಲನೇದು ಕೈಬಿಟ್ಟು ಹೋಗುತ್ತೆ, ಟೀಚರ್."

ನನ್ನ ಮೊದಲ ಅರ್ಜಿಗೆ ನಿಮ್ಮ ಕಚೇರಿ ಉತ್ತರಿಸಲಿಲ್ಲ. ಎರಡನೆಯದಕ್ಕೆ, ತಜ್ಞರ ಪ್ರಮಾಣಪತ್ರ ತನ್ನಿ ಎಂದಿರಿ. ಆ ತಜ್ಞರು ರಾಜಧಾನಿಯಲ್ಲಿ ಮಾತ್ರ ಇದ್ದಾರೆ. ಅವರು ಕೊಟ್ಟ ದಿನ ಮುಂದಿನ ಫೆಬ್ರವರಿಯಲ್ಲಿ; ನಿಮ್ಮ ಪರೀಕ್ಷೆ ಅದಕ್ಕೆ ಮೊದಲೇ, ಅಕ್ಟೋಬರಿನಲ್ಲಿ. ಮೂರನೆಯ ಅರ್ಜಿಗೆ ಒಂದೇ ಸಾಲು ಬಂತು: "ಎಲ್ಲ ಅಭ್ಯರ್ಥಿಗಳಿಗೂ ಸಮಾನ ನಿಯಮ." ಎಂಥ ಘನವಾದ ನ್ಯಾಯ! ಹಾಗಾದರೆ ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಮಕ್ಕಳ ಕನ್ನಡಕ ಕಿತ್ತಿಟ್ಟುಕೊಳ್ಳಲು ಇನ್ನೂ ಏಕೆ ಆದೇಶ ಹೊರಡಿಸಿಲ್ಲ? ನೀವು ಅಳೆಯುವುದು ಮಗುವಿನ ತಿಳಿವಳಿಕೆಯನ್ನೋ, ಮುದ್ರಿತ ಹಾಳೆಯ ಮೇಲೆ ಅದರ ಕಣ್ಣು ಓಡುವ ವೇಗವನ್ನೋ?

ಚೋಲ್ವೆ ಪರೀಕ್ಷೆಗೆ ಕೂತಳು. ಉತ್ತರದ ಹಾಳೆಯಲ್ಲಿ ತೋಚಿದ ಗೋಲಗಳನ್ನು ಪೆನ್ಸಿಲಿನಿಂದ ತುಂಬಿಸಿ ಎದ್ದುಬಂದಳು. ವಿಜ್ಞಾನದಲ್ಲಿ ನಲವತ್ತಕ್ಕೆ ಹನ್ನೊಂದು ಅಂಕ. ಮುಂದಿನ ಶಾಲೆಯ ಬಾಗಿಲು ಮುಚ್ಚಿತು; ಸೋದರಮಾವ ಹಾಚೂಂಬೆಯ ದನಗಳನ್ನು ನೋಡಿಕೊಳ್ಳಲು ಹೋದಳು.

ಫೆಬ್ರವರಿಯಲ್ಲಿ ಉಣ್ಣಿಗೆ ಹೊಡೆಯುವ ಔಷಧಿಯ ಹೊಸ ಡಬ್ಬಿ ಬಂತು. ಬಣ್ಣ ಹಳೆಯದೇ, ಔಷಧಿ ಮಾತ್ರ ನಾಲ್ಕು ಪಟ್ಟು ಕಟು. ಹಾಗೆಂದು ಡಬ್ಬಿಯ ಮೇಲೆ ಅಚ್ಚಾಗಿತ್ತು.

"ಮಾವ, ಇದರಲ್ಲಿ ಬರವಣಿಗೆ ಜಾಸ್ತಿ ಇದೆ. ಏನಂತೆ ನೋಡಿ."

"ಏಳು ವರ್ಷ ಬೆಂಚು ಸವೆಸಿದ್ದು ಯಾಕಮ್ಮ ತಾಯಿ? ನೀನೇ ಓದ್ಕೋ."

ಅವಳು ಮತ್ತೆ ಕೇಳಲಿಲ್ಲ. ಎಂದಿನಂತೆ ನಾಲ್ಕು ಮುಚ್ಚಳ ಬೆರೆಸಿ, ಪಂಪನ್ನು ಬೆನ್ನಿಗೇರಿಸಿ, ದೊಡ್ಡಿಯಲ್ಲಿದ್ದ ದನಗಳಿಗೆಲ್ಲ ಹೊಡೆದಳು. ಪಂಪು ಸೋರಿ ಅಂಗಿ ನೆನೆಯಿತು. ಮಧ್ಯಾಹ್ನದ ಹೊತ್ತಿಗೆ ಕರುಗಳು ಜೊಲ್ಲು ಸುರಿಸುತ್ತಾ ನಡುಗತೊಡಗಿದವು. ಆರು ಕರು ಸತ್ತವು. ಏಳನೆಯದನ್ನು ಎಬ್ಬಿಸಲು ಹೋದವಳು ಅದರ ಮೇಲೇ ಕುಸಿದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಬದುಕಿದ್ದಾಳೆ, ಆದರೆ ಬಲಗೈ ಈಗಲೂ ನಡುಗುತ್ತದೆ. ನಾನು ನೋಡಲು ಹೋದಾಗ ಹಾಚೂಂಬೆ ಹೊರಗೆ ಗೋಡೆಗೊರಗಿ ಕೂತಿದ್ದ. ನಾನು ತಡೆಯಲಾರದೆ ಕೂಗಾಡಿದೆ: "ಎರಡು ಸಾಲು ಓದಿ ಹೇಳೋಕೆ ನಿನಗೇನಾಗಿತ್ತೋ?"

ಅವನು ಮುಖ ಎತ್ತಲಿಲ್ಲ. "ನಂಗೂ ಓದೋಕೆ ಬರಲ್ಲ, ಟೀಚರ್. ನಿಮಗೆ ನೆನಪಿಲ್ವಾ?"

ಆಗ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಅವನಿದ್ದ. ಬಾಯಲ್ಲಿ ಚುರುಕು, ಹಾಳೆಯಲ್ಲಿ ಸೊನ್ನೆ. ಅವನ ವರದಿಪತ್ರದ ಮೇಲೆ "ಸೋಮಾರಿ" ಎಂದು ಬರೆದದ್ದು ನನ್ನದೇ ಕೈ. ಆದ್ದರಿಂದ, ಮಾನ್ಯರೇ, ತಪ್ಪು ನಿಮ್ಮೊಬ್ಬರದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನನಗೆ ಈಗ ತಿಳಿದಿದೆ. ಈ ಪತ್ರ ಓದಿದ ಮೇಲೆ ನಿಮಗೂ ತಿಳಿದಿದೆ. ತಿಳಿದ ಮೇಲೂ ಅದೇ ಹಾಳೆ, ಅದೇ ಗೋಲ, ಅದೇ ಗಂಟೆ ಎಂದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ಈ ವರ್ಷ ನನ್ನ ತರಗತಿಯಲ್ಲಿ ಇಂಥವರು ನಾಲ್ವರಿದ್ದಾರೆ. ಒಬ್ಬಳು ಆಗಲೇ, ಪರೀಕ್ಷೆ ಬೇಡ, ಸೋದರತ್ತೆ ಮನೆಗೆ ಕೆಲಸಕ್ಕೆ ಹೋಗ್ತೀನಿ ಎನ್ನುತ್ತಿದ್ದಾಳೆ. ಓದಿ ಹೇಳುವವರನ್ನು ನೇಮಿಸಿ. ಬಾಯಲ್ಲಿ ಉತ್ತರ ಹೇಳಲು ಬಿಡಿ. ನಿಧಾನಿಗಳಿಗೆ ಹೆಚ್ಚು ಹೊತ್ತು ಕೊಡಿ. ತರಗತಿಯ ಶಿಕ್ಷಕರ ಮಾತನ್ನೇ ಪ್ರಮಾಣವೆಂದು ಒಪ್ಪಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಲಿಖಿತ ಆದೇಶ ಬೇಕು. ಬಾರದಿದ್ದರೆ, ಪರೀಕ್ಷೆಯ ದಿನ ನಾನು ಕೊಠಡಿಯ ನಡುವೆ ನಿಂತು ಮೊದಲ ಪ್ರಶ್ನೆಯಿಂದ ಕೊನೆಯದರವರೆಗೂ ಗಟ್ಟಿಯಾಗಿ ಓದುತ್ತೇನೆ. ನನ್ನನ್ನು ಎಳೆದೊಯ್ಯಲು ಪೊಲೀಸರನ್ನು ಕಳಿಸುವುದಾದರೆ ಸ್ವಲ್ಪ ತಡವಾಗಿ ಕಳಿಸಿ. ನಲವತ್ತು ಪ್ರಶ್ನೆಗಳಿವೆ.

ಇಂತಿ,
ನೌಕರಿಯಲ್ಲಿ ಇನ್ನೆಷ್ಟು ದಿನ ಇರುವೆನೋ ತಿಳಿಯದ
ರೋಯ್ಡಾ ಹಮೂಂಗಾ
ಏಳನೇ ತರಗತಿಯ ಶಿಕ್ಷಕಿ